ಮೈದಾನದಿಂದ ಮೊದಲ ಪೀರಿಯಡ್ಡಿಗೆ

ಬೆಳಗಿನ ಐದೂವರೆ. ಡಿಸೆಂಬರ್ ತಿಂಗಳಾದ್ದರಿಂದ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಇನ್ನೂ ಕತ್ತಲು. ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಇಬ್ಬನಿಯ ತೆಳು ಪಸೆ. ಮೊದಲು ಕೇಳಿಸುವುದು ಹೆಜ್ಜೆಯ ಸದ್ದು, ಆಮೇಲೆ ಏದುಸಿರು, ಆಮೇಲೆ ಕೋಚ್ ಊದುವ ಸೀಟಿ. ಬೆಳಕು ಹರಿದಂತೆ ಒಂದೊಂದಾಗಿ ಮುಖಗಳು ಕಾಣತೊಡಗುತ್ತವೆ. ಒಳ ಲೇನಿನಲ್ಲಿ ದೂರದ ಓಟಗಾರರು ಗುಂಪಾಗಿ ಸುತ್ತು ಹಾಕುತ್ತಿದ್ದಾರೆ. ತಿರುವಿನ ಬಳಿ ಹರ್ಡಲ್ಸ್ ಹುಡುಗಿಯರು ಒಂದೇ ಕಾಲನ್ನು ನೂರು ಸಲ ಎತ್ತಿ ಇಳಿಸುತ್ತಿದ್ದಾರೆ. ನಡಿಗೆ ಸ್ಪರ್ಧೆಯ ಹುಡುಗನೊಬ್ಬ ಸೊಂಟ ತಿರುಗಿಸುತ್ತ, ಯಾರನ್ನೂ ನೋಡದೆ, ಒಂದೇ ಲಯದಲ್ಲಿ ಸಾಗುತ್ತಿದ್ದಾನೆ. ಕನ್ನಡ, ತುಳು, ಹಿಂದಿ, ಮಲಯಾಳ ಎಲ್ಲ ಬೆರೆತ ಮಾತು. ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ.

1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಊರು ಇದು. ಯಾತ್ರಿಕರು ಬಸದಿ ನೋಡಿ ಹೋಗುತ್ತಾರೆ. ಅಥ್ಲೆಟಿಕ್ಸ್ ಬಲ್ಲವರಿಗೆ ಮೂಡುಬಿದಿರೆ ಎಂದರೆ ಈ ಟ್ರ್ಯಾಕ್. 2020ರ ಜನವರಿಯಲ್ಲಿ 80ನೇ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆದದ್ದು ಇಲ್ಲಿಯೇ. ಆ ಸಲ ಸಮಗ್ರ ಪ್ರಶಸ್ತಿಯೂ ಮಂಗಳೂರು ವಿಶ್ವವಿದ್ಯಾಲಯದ್ದೇ. ಡಾ. ಎಂ. ಮೋಹನ ಆಳ್ವರ ಆಳ್ವಾಸ್ ಸಂಸ್ಥೆ ಕ್ರೀಡಾ ವಿದ್ಯಾರ್ಥಿಗಳಿಗೆ ಊಟ, ವಸತಿ, ಓದು ಕೊಟ್ಟು ಬೆಳೆಸುವ ಪರಿಪಾಠ ಹಾಕಿದ ಮೇಲೆ ಕರಾವಳಿಯ ಉಳಿದ ಕಾಲೇಜುಗಳಿಗೂ ಆಟದ ಹುಡುಗರ ಮೇಲೆ ಕಣ್ಣು ಬಿತ್ತು. ಗದಗ, ಬಾಗಲಕೋಟೆ, ಬೆಳಗಾವಿ, ಹಾವೇರಿ ಕಡೆಯ ಮಕ್ಕಳು ಬ್ಯಾಗು ಹೆಗಲಿಗೇರಿಸಿಕೊಂಡು ಘಟ್ಟ ಇಳಿದು ಬರುತ್ತಾರೆ. ಕುಚಲಕ್ಕಿ ಅನ್ನಕ್ಕೆ ನಾಲಿಗೆ ಹೊಂದಿಸಿಕೊಳ್ಳುತ್ತಾರೆ, ಬೆವರು ಆರದ ಹವೆಗೆ ಮೈ ಒಗ್ಗಿಸಿಕೊಳ್ಳುತ್ತಾರೆ.

ಎಂಟು ಗಂಟೆಗೆ ಮೈದಾನ ಖಾಲಿ. ಹಾಸ್ಟೆಲ್ ನಲ್ಲಿಯ ಮುಂದೆ ಸಾಲು, ಮೆಸ್ಸಿನಲ್ಲಿ ಸಾಲು, ಸ್ಪೈಕ್ಸ್ ಒರೆಸಿ ಕಿಟಕಿಯಲ್ಲಿಟ್ಟು ಓಟ. ಒಂಬತ್ತೂವರೆಗೆ ಬೆಲ್. ಅಲ್ಲಿಯವರೆಗೆ ಅವರು ಅಥ್ಲೀಟುಗಳು. ಬೆಲ್ ಹೊಡೆದ ಮೇಲೆ ಬಿ.ಎ., ಬಿ.ಕಾಂ., ಬಿ.ಎಸ್ಸಿ. ವಿದ್ಯಾರ್ಥಿಗಳು. ಈ ಎರಡು ಲೋಕಗಳ ನಡುವೆ ನಿಂತವರು ಮೇಷ್ಟ್ರು.

ಕೊನೆಯ ಬೆಂಚಿನ ದೂರ

ಮೊದಲ ಪೀರಿಯಡ್ಡಿನ ಒಂದು ಕ್ಲಾಸ್‌ರೂಮು. ಎಪ್ಪತ್ತು ಜನ. ಫ್ಯಾನಿನ ಗಾಳಿ ಕೊನೆಯ ಬೆಂಚಿಗೆ ಚೆನ್ನಾಗಿ ಬೀಸುತ್ತದೆ. ಅಲ್ಲಿ ಟ್ರ್ಯಾಕ್ ಪ್ಯಾಂಟಿನ ಮೂವರು. ತಲೆ ಇನ್ನೂ ಒದ್ದೆ. ನಾಲ್ಕು ಗಂಟೆಗೆ ಎದ್ದ ಮೈ. ಹತ್ತು ಗಂಟೆಗೆ ರೆಪ್ಪೆ ತಾನಾಗಿ ಇಳಿಯುತ್ತದೆ. ಬೋರ್ಡಿನತ್ತ ತಿರುಗಿದ್ದ ಲೆಕ್ಚರರ್ ಈ ಕಡೆ ತಿರುಗಿದಾಗ ಅವರಿಗೆ ಕಾಣುವುದು ತೂಕಡಿಸುವ ತಲೆ. ನಾಲ್ಕು ಗಂಟೆಯ ಅಲಾರಾಂ ಅವರಿಗೆ ಕಾಣುವುದಿಲ್ಲ.

ಮುಂದಿನ ವಾರ ಆ ಮೂರೂ ಜಾಗ ಖಾಲಿ. ಅದರ ಮುಂದಿನ ವಾರವೂ ಖಾಲಿ. ಹದಿನೈದು ದಿನ ಕಳೆದು ಬಂದಾಗ ಒಬ್ಬನ ಕೊರಳಲ್ಲಿ ಪದಕ, ಮೂವರ ನೋಟ್ಸಿನಲ್ಲೂ ಬರೀ ಬಿಳಿ ಹಾಳೆ. ಇಂಟರ್ನಲ್ಸ್ ಮುಗಿದಿರುತ್ತದೆ, ಅಸೈನ್‌ಮೆಂಟಿನ ಗಡುವು ದಾಟಿರುತ್ತದೆ. ಮೇಷ್ಟ್ರಿಗೆ ಹೇಳದೆ ಹೋದದ್ದಕ್ಕೆ ಮುಜುಗರ. ಮುಜುಗರಕ್ಕೆ ಮುಖ ತಪ್ಪಿಸುವುದು. ಮುಖ ತಪ್ಪಿಸಿದ್ದಕ್ಕೆ ಮೇಷ್ಟ್ರಿಗೆ, 'ಇವನಿಗೆ ಓದಿನ ಮೇಲೆ ಗೌರವವೇ ಇಲ್ಲ' ಎಂಬ ತೀರ್ಮಾನ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಆದರೂ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕೊನೆಯ ಬೆಂಚಿಗೂ ಮೇಜಿಗೂ ನಡುವಿನ ಇಪ್ಪತ್ತು ಅಡಿ ದಾಟಲಾಗದಷ್ಟು ಅಗಲವಾಗಿರುತ್ತದೆ.

ಘಟ್ಟದ ಮೇಲಿನ ಹಳ್ಳಿಯಿಂದ ಬಂದ ಮಕ್ಕಳಿಗೆ ಇನ್ನೊಂದು ಅಳುಕು ಇಂಗ್ಲಿಷಿನದ್ದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಕಾಸ್ಟ್ ಅಕೌಂಟಿಂಗ್, ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂದರೆ ಮೊದಲೇ ದಿಗಿಲು. ಎದ್ದು ನಿಂತು ಡೌಟು ಕೇಳಿದರೆ ನಗುತ್ತಾರೇನೋ ಎಂಬ ಹಿಂಜರಿಕೆ. ಸಾವಿರಾರು ಜನರೆದುರು ಬೆದರದೆ ರನ್‌ವೇ ಮೇಲೆ ಓಡುವ ಹುಡುಗಿ ಸ್ಟಾಫ್‌ರೂಮಿನ ಬಾಗಿಲ ಬಳಿ ಕಾಲು ಬದಲಿಸುತ್ತ ನಿಂತಿರುತ್ತಾಳೆ. ಒಳಗೆ ಬಾ ಎಂದು ಕರೆಯುವ ಒಂದು ದನಿಗೆ ಕಾಯುತ್ತಿರುತ್ತಾಳೆ.

ಪಿ.ಡಿ. ಸರ್ ಕೋಣೆ

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಮಕ್ಕಳು ಕರೆಯುವುದು ಪಿ.ಡಿ. ಸರ್ ಎಂದೇ. ಅವರ ಕೋಣೆ ಹೆಚ್ಚಾಗಿ ಕಟ್ಟಡದ ಕೊನೆಯಲ್ಲಿ, ಮೆಟ್ಟಿಲ ಕೆಳಗೆ ಅಥವಾ ಸ್ಟೇಜಿನ ಹಿಂದೆ. ಒಳಗೆ ವಾಲಿಬಾಲಿನ ಬಲೆ, ಕಬಡ್ಡಿ ಮ್ಯಾಟಿನ ಸುರುಳಿ, ಬಾಮಿನ ವಾಸನೆ, ಗಾಜಿನ ಕಪಾಟಿನಲ್ಲಿ ಹಿತ್ತಾಳೆ ಬಣ್ಣ ಕಳೆದುಕೊಂಡ ಕಪ್‌ಗಳು. ಮೇಜಿನ ಮೇಲೆ ಫೈಲು. ಫೈಲಿನಲ್ಲಿ ಪತ್ರಗಳು: 'ಈ ಕೆಳಕಂಡ ವಿದ್ಯಾರ್ಥಿಗಳು ವಿಶ್ವವಿದ್ಯಾಲಯ ತಂಡವನ್ನು ಪ್ರತಿನಿಧಿಸುತ್ತಿರುವುದರಿಂದ ಹಾಜರಾತಿ ನೀಡಬೇಕಾಗಿ ಕೋರಿದೆ.' ಕೆಳಗೆ ಹೆಸರು, ರಿಜಿಸ್ಟರ್ ನಂಬರು, ದಿನಾಂಕ, ಸೀಲು. ಪ್ರಿನ್ಸಿಪಾಲರ ಸಹಿಯಾಗಿ ಈ ಪತ್ರ ವಿಭಾಗದಿಂದ ವಿಭಾಗಕ್ಕೆ ಹೋಗುತ್ತದೆ. ಅಟೆಂಡರ್ ಕೈಯಲ್ಲಿ ಹೋಗಿ, ಎಲ್ಲೋ ಒಂದು ರಿಜಿಸ್ಟರಿನ ನಡುವೆ ಸೇರಿ, ಒಮ್ಮೊಮ್ಮೆ ಅಲ್ಲಿಯೇ ಉಳಿದುಬಿಡುತ್ತದೆ.

ಲೆಕ್ಕ ಬಿಗಿಯಾದದ್ದು. ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇ 75 ಹಾಜರಾತಿ ಬೇಕು. ಸೆಮಿಸ್ಟರಿನಲ್ಲಿ 90 ದಿನ ಪಾಠ ನಡೆದರೆ 68 ದಿನ ಕ್ಲಾಸಿನಲ್ಲಿರಬೇಕು, ಕೈಯಲ್ಲುಳಿಯುವುದು 22 ದಿನ. ಅಂತರ ಕಾಲೇಜು ಕೂಟ, ಸೆಲೆಕ್ಷನ್ ಟ್ರಯಲ್ಸ್, ವಿಶ್ವವಿದ್ಯಾಲಯದ ಕ್ಯಾಂಪು, ಮಂಗಳೂರಿನಿಂದ ಭುವನೇಶ್ವರಕ್ಕೋ ಪಟಿಯಾಲಕ್ಕೋ ರೈಲಿನಲ್ಲಿ ಹೋಗಿ ಬರುವ ದಿನಗಳು, ಅಲ್ಲಿ ಕೂಟದ ದಿನಗಳು ಎಂದು ಕೂಡಿಸಿದರೆ 22 ಎಲ್ಲಿಗೂ ಸಾಲುವುದಿಲ್ಲ. ಜ್ವರ ಬಂದರೆ, ಊರಲ್ಲಿ ಅಕ್ಕನ ಮದುವೆಯಾದರೆ ಅದಕ್ಕೆ ಲೆಕ್ಕವೇ ಇಲ್ಲ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಶುರುವಾಯಿತು. ಎರಡನೆಯದು 2022ರ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಅಲ್ಲಿಂದೀಚೆಗೆ ಮಕ್ಕಳಿಗೆ ದೊಡ್ಡ ವೇದಿಕೆ ಒಂದು ಹೆಚ್ಚಾಯಿತು, ಕ್ಯಾಲೆಂಡರಿನಲ್ಲಿ ಖಾಲಿ ಚೌಕಗಳು ಇನ್ನಷ್ಟು ಕಡಿಮೆಯಾದವು.

ಹಾಜರಾತಿಯನ್ನು ಪತ್ರ ಕೊಡಿಸುತ್ತದೆ. ತಪ್ಪಿದ ಪಾಠವನ್ನು ಯಾವ ಪತ್ರವೂ ಕೊಡಿಸುವುದಿಲ್ಲ. ಅದಕ್ಕೆ ಆ ಪಾಠ ಮಾಡಿದವರ ಹತ್ತಿರ ಹೋಗಿ ಕೂರಬೇಕು, ಅವರು ಕೂರಿಸಿಕೊಳ್ಳಬೇಕು. ಒಳ್ಳೆಯ ಪಿ.ಡಿ.ಗಳಿಗೆ ಈ ವ್ಯತ್ಯಾಸ ಗೊತ್ತು. ಹೀಗಾಗಿ ಅವರು ಪತ್ರವನ್ನು ಅಟೆಂಡರ್ ಕೈಗೆ ಕೊಡುವುದಿಲ್ಲ, ಓಡುವ ಹುಡುಗಿಯ ಕೈಗೇ ಕೊಟ್ಟು, 'ನೀನೇ ಹೋಗಿ ಕೊಡು, ಮಾತಾಡಿ ಬಾ' ಎಂದು ಕಳಿಸುತ್ತಾರೆ.

ಹೊರಡುವ ಮೊದಲು

ಮಂಗಳೂರು ಕಡೆಯ ಒಂದು ಪದವಿ ಕಾಲೇಜಿನಲ್ಲಿ ಅಂಥ ಹುಡುಗಿಯೊಬ್ಬಳನ್ನು ಕಂಡೆ. ಗದಗ ಜಿಲ್ಲೆಯವಳು, ಬಿ.ಎಸ್ಸಿ. ಎರಡನೇ ವರ್ಷ, ಭೌತಶಾಸ್ತ್ರ ಒಂದು ವಿಷಯ, ಎಸೆಯುವುದು ಜಾವೆಲಿನ್. ಪತ್ರದ ಜೊತೆಗೆ ಅವಳ ಕೈಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಕೊನೆಯ ಹಾಳೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಒಂದು ಪಟ್ಟಿ. ಎಡಕ್ಕೆ ತಾರೀಕು, ನಡುವೆ ತಪ್ಪುವ ಪಾಠ, ಬಲಕ್ಕೆ ಖಾಲಿ ಜಾಗ. ಆ ಖಾಲಿ ಜಾಗ ಮೇಷ್ಟ್ರ ಸಹಿಗೆಂದು ಯಾರಾದರೂ ಅಂದುಕೊಂಡಾರು. ಅದು ಅವಳು ಆ ಪಾಠವನ್ನು ಯಾವತ್ತು ಓದಿ ಮುಗಿಸಿದಳು ಎಂದು ಬರೆದುಕೊಳ್ಳುವುದಕ್ಕೆ.

ಸ್ಟಾಫ್‌ರೂಮಿನಲ್ಲಿ ಮಾತು ಹೀಗೆ ನಡೆಯುತ್ತದೆ.

'ಸರ, ಸೋಮವಾರದಿಂದ ಹನ್ನೆರಡು ದಿನ ನಾ ಇರಂಗಿಲ್ರಿ. ಕ್ಯಾಂಪ್ ಐತಿ, ಆಮ್ಯಾಲ ಆಲ್ ಇಂಡಿಯಾ.'

'ಇಂಟರ್ನಲ್ಸ್ ಉಂಟಲ್ಲ ಮಾರಾಯ್ತಿ ಆ ವಾರ?'

'ಹೌದ್ರಿ. ಬಂದ ಮ್ಯಾಲ ಬರೀತೀನ್ರಿ. ನೀವು ಯಾವತ್ತ ಅಂತೀರಿ ಅವತ್ತ. ಲ್ಯಾಬ್ ಎರಡು ತಪ್ಪತಾವ್ರಿ, ಅದಕ್ಕ ಏನ್ ಮಾಡ್ಲಿ?'

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಅವರದು ತುಳುವಿನ ಲಯದ ಕನ್ನಡ, ಅವಳದು ಬಯಲುಸೀಮೆಯ ಕನ್ನಡ. ಟೈಮ್‌ಟೇಬಲ್ ನೋಡಿ, ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿರುತ್ತದೆ, ಜೂನಿಯರ್ ಬ್ಯಾಚಿನ ಜೊತೆ ಬಂದು ಮಾಡು ಎನ್ನುತ್ತಾರೆ. ಎರಡು ಅಧ್ಯಾಯದ ಹೆಸರು ಬರೆದುಕೊಡುತ್ತಾರೆ. 'ಎಷ್ಟು ದೂರ ಎಸೆಯುತ್ತಿ ಈಗ?' ಎಂದು ಕೇಳುತ್ತಾರೆ. ಅವಳ ಮುಖ ಅರಳುವುದು ಆ ಪ್ರಶ್ನೆಗೆ. 'ನಲವತ್ತೈದು ದಾಟೇತ್ರಿ ಸರ.' ಇಡೀ ಮಾತುಕತೆ ಐದು ನಿಮಿಷ. ಆ ಐದು ನಿಮಿಷ ಇಲ್ಲದಿದ್ದರೆ ಅವಳು ರಿಜಿಸ್ಟರಿನಲ್ಲಿ ಹನ್ನೆರಡು ದಿನದ ಗೈರುಹಾಜರಿ ಮಾತ್ರ. ಈಗ ಅವಳು ಎಲ್ಲಿಗೆ, ಯಾಕೆ ಹೋಗಿದ್ದಾಳೆಂದು ಒಬ್ಬರಿಗೆ ಗೊತ್ತಿದೆ.

ಕನ್ನಡ ಮೇಡಂ ಮತ್ತೂ ಒಂದು ಹೆಜ್ಜೆ ಮುಂದೆ. ಆ ಹುಡುಗಿಯ ಹಾಸ್ಟೆಲ್ ಊಟ, ತಿಂಗಳ ನೋವಿನ ದಿನ ಪ್ರಾಕ್ಟೀಸ್ ಹೇಗೆ, ಮನೆಯಲ್ಲಿ ಮದುವೆ ಮಾತು ಎತ್ತಿದ್ದಾರೆಯೇ ಎಲ್ಲ ಅವರಿಗೆ ಗೊತ್ತು. ಊರಿನಿಂದ ಅಪ್ಪ ಫೋನ್ ಮಾಡಿ, ಆಟ ಸಾಕು ಬಂದುಬಿಡು ಎಂದ ದಿನ, ಅವರೊಡನೆ ಮಾತಾಡಿದ್ದು ಇದೇ ಮೇಡಂ. ಕೋಚ್ ಹೇಳಿದರೆ ಆಟದವರು ಆಟದ ಪರವೇ ಮಾತಾಡುತ್ತಾರೆ ಎಂದು ಅಪ್ಪ ಅಂದುಕೊಳ್ಳುತ್ತಿದ್ದರು. ಪಾಠ ಹೇಳುವವರು, 'ಓದಿನಲ್ಲೂ ಹಿಂದೆ ಬಿದ್ದಿಲ್ಲ, ಪದವಿ ಮುಗಿಸುತ್ತಾಳೆ' ಎಂದಾಗ ಆ ಮಾತಿಗೆ ತೂಕ ಬಂತು.

ರೈಲಿನ ಅಪ್ಪರ್ ಬರ್ತು

ಕ್ರೀಡಾ ತಂಡ ಹೊರಟ ಸ್ಲೀಪರ್ ಬೋಗಿ ದೂರದಿಂದಲೇ ಗೊತ್ತಾಗುತ್ತದೆ. ಕಿಟಕಿಗೆ ಒಣಹಾಕಿದ ಜೆರ್ಸಿ, ಸೀಟಿನಡಿ ಉದ್ದಕ್ಕೆ ಮಲಗಿಸಿದ ಜಾವೆಲಿನ್‌ಗಳ ಕಟ್ಟು, ಡಬ್ಬಿಯಲ್ಲಿ ಮನೆಯಿಂದ ಬಂದ ಶೇಂಗಾ ಚಟ್ನಿ, ಕಟಕ ರೊಟ್ಟಿ. ಹಗಲೆಲ್ಲ ಅಂತ್ಯಾಕ್ಷರಿ. ರಾತ್ರಿ ದೀಪ ಆರಿದ ಮೇಲೆ ಒಂದೆರಡು ಅಪ್ಪರ್ ಬರ್ತುಗಳಲ್ಲಿ ಮೊಬೈಲ್ ಬೆಳಕು. ಎಲ್ಲರೂ ರೀಲ್ಸ್ ನೋಡುತ್ತಿದ್ದಾರೆಂದು ತಿಳಿಯಬೇಕಿಲ್ಲ. ಕ್ಲಾಸಿನ ಗೆಳತಿ ನೋಟ್ಸಿನ ಫೋಟೊ ಕಳಿಸಿರುತ್ತಾಳೆ. ಬೋರ್ಡಿನ ಫೋಟೊದಲ್ಲಿ ಅರ್ಧ ಮೇಷ್ಟ್ರ ಬೆನ್ನೇ ಇರುತ್ತದೆ. ಅರ್ಥವಾಗದ ಕಡೆ ಒಂದು ಗೆರೆ ಹಾಕಿ, ಆ ಪುಟವನ್ನೇ ಮೇಷ್ಟ್ರಿಗೆ ವಾಟ್ಸ್ಆ್ಯಪ್ ಮಾಡಿದರೆ, ಬೆಳಿಗ್ಗೆ ಎರಡು ನಿಮಿಷದ ವಾಯ್ಸ್ ಮೆಸೇಜು ಬರುತ್ತದೆ. ಹಿಂದೆ ಮನೆಯ ಕುಕ್ಕರ್ ಸೀಟಿ, ಮುಂದೆ ನ್ಯೂಟನ್ನನ ನಿಯಮ.

ಇಂಥ ಮೇಷ್ಟ್ರುಗಳಲ್ಲಿ ಅತಿಥಿ ಉಪನ್ಯಾಸಕರೂ ಇದ್ದಾರೆ ಎನ್ನುವುದನ್ನು ಹೇಳಲೇಬೇಕು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅವರ ಹೆಗಲ ಮೇಲಿದೆ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಚಿಂತೆಯಲ್ಲೇ ಅವರು ಕ್ಲಾಸಿಗೆ ಬರುತ್ತಾರೆ. ಶನಿವಾರ ಮಧ್ಯಾಹ್ನ ಒಬ್ಬ ವಿದ್ಯಾರ್ಥಿನಿಗೋಸ್ಕರ ಲ್ಯಾಬಿನಲ್ಲಿ ಉಳಿದರೆ ಅವರಿಗೆ ಅದರಿಂದ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ. ಅವರ ಆ ಎರಡು ಗಂಟೆಯನ್ನು ತನ್ನ ಹಕ್ಕು ಎಂದು ತಿಳಿಯುವ ಅಥ್ಲೀಟಿಗೂ, ಅದು ಅವರು ಕೊಟ್ಟದ್ದು ಎಂದು ಅರಿತು ಹೇಳಿದ ಹೊತ್ತಿಗೆ ಬರುವ ಅಥ್ಲೀಟಿಗೂ ನಡುವಿನ ಅಂತರ ಮೇಷ್ಟ್ರಿಗೆ ತಕ್ಷಣ ಗೊತ್ತಾಗುತ್ತದೆ.

ಮೇಷ್ಟ್ರು ಮೈದಾನಕ್ಕೆ ಬಂದ ದಿನ

ಕೂಟದಿಂದ ಮರಳಿದ ಮೇಲಿನ ಒಂದು ಸಂಜೆ, ಭೌತಶಾಸ್ತ್ರದ ಮೇಷ್ಟ್ರು ಕಾಲೇಜು ಮೈದಾನಕ್ಕೆ ಬಂದರು. ಪ್ಯಾಂಟನ್ನು ಒಂದು ಮಡಿಕೆ ಮೇಲೆತ್ತಿ, ಬೇಲಿಯ ಬಳಿ ಚಪ್ಪಲಿ ಬಿಟ್ಟು, ರನ್‌ವೇ ಪಕ್ಕದಲ್ಲಿ ನಿಂತರು. ಹುಡುಗಿ ನಾಚಿದಳು. ಮೊದಲ ಎಸೆತ ಅಡ್ಡ ಹೋಯಿತು. 'ನನ್ನನ್ನು ನೋಡಬೇಡ, ಆ ಕಡೆ ನೋಡು' ಎಂದರು.

ಎರಡನೆಯದು ಸರಿಹೋಯಿತು. ಹತ್ತಾರು ಹೆಜ್ಜೆ ನೇರ ಓಟ, ಕೊನೆಯಲ್ಲಿ ಕಾಲು ಅಡ್ಡ ಹಾಕುತ್ತ ದೇಹ ಹಿಂದಕ್ಕೆ ಬಾಗಿ, ಎಡಗಾಲು ನೆಲಕ್ಕೆ ಗೂಟ ಹೊಡೆದಂತೆ ನಿಂತಾಗ ಓಟದ ವೇಗವೆಲ್ಲ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಮೊಣಕೈ ದಾಟಿ ಬೆರಳ ತುದಿಗೆ ಹರಿಯಿತು. 600 ಗ್ರಾಂ ತೂಕದ ಆ ಭರ್ಜಿ ಸಣ್ಣಗೆ ನಡುಗುತ್ತ ಮೇಲೇರಿ, ಒಂದು ಕ್ಷಣ ಮಲಗಿದಂತೆ ತೇಲಿ, ಮೂತಿ ಇಳಿಸಿ ಹುಲ್ಲಿಗೆ ಚುಚ್ಚಿತು. ಮೇಷ್ಟ್ರು ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿದಿದ್ದರು. ಪರದೆಯ ಮೇಲೆ ಬೆರಳಿಟ್ಟು ಕೋನ ಅಳೆದರು.

'ಕ್ಲಾಸಲ್ಲಿ ನಾನು ಎಂತ ಹೇಳಿದ್ದೆ? ಎಸೆದ ವಸ್ತು ಹೆಚ್ಚು ದೂರ ಹೋಗಬೇಕಾದರೆ ಎಷ್ಟು ಡಿಗ್ರಿ?'

'ನಲವತ್ತೈದ್ರಿ.'

'ನೀನು ಎಸೆದದ್ದು ಸುಮಾರು ಮೂವತ್ತೈದು. ಹಾಗಾದರೆ ನೀನು ತಪ್ಪೋ, ಪುಸ್ತಕ ತಪ್ಪೋ?'

ಅವಳು ಉತ್ತರ ಕೊಟ್ಟ ರೀತಿ ನೋಡಬೇಕಿತ್ತು. ನಲವತ್ತೈದಕ್ಕೆ ಎತ್ತಿದರೆ ಕೈಗೆ ಅಷ್ಟು ಜೋರು ಬರುವುದಿಲ್ಲ, ಮೂತಿ ಮೇಲೆದ್ದು ಗಾಳಿಗೆ ಸಿಕ್ಕಿ ನಿಂತುಬಿಡುತ್ತದೆ ಎಂದು ಭುಜ ತಿರುಗಿಸಿ ಮಾಡಿ ತೋರಿಸಿದಳು. ಪುಸ್ತಕದ 45 ಡಿಗ್ರಿ ಗಾಳಿಯೇ ಇಲ್ಲದ ಲೋಕದ್ದು, ನೆಲಮಟ್ಟದಿಂದ ಹಾರಿಸಿದ ಕಲ್ಲಿನದ್ದು. ಜಾವೆಲಿನ್ ಕೈಬಿಡುವುದು ತಲೆಯ ಎತ್ತರದಲ್ಲಿ, ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ, ಮನುಷ್ಯನ ತೋಳಿಗೆ ಕೆಳಗಿನ ಕೋನದಲ್ಲಿ ಹೆಚ್ಚು ವೇಗ ಕೊಡಲು ಬರುತ್ತದೆ. ಒಳ್ಳೆಯ ಎಸೆತಗಾರರ ಕೋನ 30ರಿಂದ 40 ಡಿಗ್ರಿಯ ನಡುವೆ ಇರುವುದು ಈ ಕಾರಣಗಳಿಗೆ. ಸೂತ್ರ ಅವರಲ್ಲಿತ್ತು, ಅನುಭವ ಅವಳಲ್ಲಿತ್ತು. ಎರಡೂ ಅಂದು ಒಂದೇ ಹುಲ್ಲಿನ ಮೇಲೆ ಎದುರಾದವು.

ಮರುದಿನ ಕ್ಲಾಸಿನಲ್ಲಿ ಮೇಷ್ಟ್ರು ಪ್ರೊಜೆಕ್ಟೈಲ್ ಪಾಠವನ್ನು ಇನ್ನೊಮ್ಮೆ ತೆಗೆದರು. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ ಜಾವೆಲಿನನ್ನು 104.80 ಮೀಟರ್ ಎಸೆದ ಕಥೆ ಹೇಳಿದರು. ಇನ್ನೂ ದೂರ ಹೋದರೆ ಮೈದಾನವೇ ಸಾಲದು ಎಂಬ ಭಯ ಆಗಲೇ ಇತ್ತು. ಜೊತೆಗೆ ಭರ್ಜಿಗಳು ಚಪ್ಪಟೆಯಾಗಿ ಬಿದ್ದು, ಎಸೆತ ಸರಿಯೋ ತಪ್ಪೋ ಎಂಬ ಜಗಳವೂ ನಡೆಯುತ್ತಿತ್ತು. 1986ರಲ್ಲಿ ಪುರುಷರ ಜಾವೆಲಿನ್ನಿನ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಬಾಗತೊಡಗಿತು, ದೂರ ಕಡಿಮೆಯಾಯಿತು. ಮಹಿಳೆಯರ ಜಾವೆಲಿನ್ನಿಗೂ 1999ರಲ್ಲಿ ಇಂಥದೇ ಬದಲಾವಣೆ ಬಂತು. ಗುರುತ್ವ ಕೇಂದ್ರ ಎಂದರೇನು ಎಂದು ಅಂದು ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ಕೊನೆಯ ಬೆಂಚಿನಿಂದ ಒಬ್ಬಳನ್ನು ಮುಂದಕ್ಕೆ ಕರೆದು, ಜಾವೆಲಿನ್ನನ್ನು ಒಂದೇ ಬೆರಳ ಮೇಲೆ ತೂಗಿಸಿ ತೋರಿಸಲು ಹೇಳಿದರು. ಎಪ್ಪತ್ತು ಜನ ತಿರುಗಿ ನೋಡಿದರು. ಆ ವರ್ಷದಲ್ಲಿ ಮೊದಲ ಸಲ ಅವಳಿಗೆ ಕ್ಲಾಸ್‌ರೂಮಿನಲ್ಲಿ ತನ್ನದೊಂದು ಜಾಗವಿದೆ ಅನ್ನಿಸಿತು.

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ನಡೆದು, ನೀರಜ್ 86.18 ಮೀಟರ್ ಎಸೆದು ಗೆದ್ದಾಗ ರಾಜ್ಯದ ಎಷ್ಟೋ ಮಕ್ಕಳ ಕಣ್ಣು ಆ ಭರ್ಜಿಯ ಹಿಂದೆ ಹೋಯಿತು. ಆ ಬೆರಗನ್ನು ಪಾಠಕ್ಕೆ ತಂದುಕೊಳ್ಳುವ ಮೇಷ್ಟ್ರು ಪ್ರತಿ ಕಾಲೇಜಿನಲ್ಲಿ ಒಬ್ಬರಿದ್ದರೂ ಸಾಕು.

ಆಗಿನ ದಾರಿ, ಈಗಿನ ದಾರಿ

ಆಟ ಮತ್ತು ಓದಿನ ಎಳೆದಾಟ ಕನ್ನಡದ ನೆಲಕ್ಕೆ ಹೊಸದಲ್ಲ. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಹಿಂದೆಯೇ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಹೋದರು. ಮರಳಿದವರು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಮುಗಿಸುವುದಕ್ಕೆಂದು ಆಟದಿಂದ ದೂರ ನಿಂತರು. ಅವರು ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ನಡುವೆ ಐದು ವರ್ಷ ಬಿಟ್ಟರೂ ಒಟ್ಟು 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದರು. ಅನಿಲ್ ಕುಂಬ್ಳೆ 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಟೆಸ್ಟ್ ಕ್ಯಾಪ್ ತೊಟ್ಟಾಗ 19 ವರ್ಷ, ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದರು. ಪದವಿ ಬಿಡಲಿಲ್ಲ, ಮುಗಿಸಿದರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯ ಎಂಜಿನಿಯರು. ರಾಹುಲ್ ದ್ರಾವಿಡ್ ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ.

ಪ್ರಸನ್ನರಂತೆ ಐದು ವರ್ಷ ಬಿಟ್ಟು ಬರುತ್ತೇನೆ ಎನ್ನಲು ಇಂದಿನ ಅಥ್ಲೀಟಿಗೆ ಬರುವುದಿಲ್ಲ. ಓಟಗಾರ್ತಿಯ ಮೈಯ ಒಳ್ಳೆಯ ವರ್ಷಗಳು ಹೆಚ್ಚೆಂದರೆ ಹತ್ತು. ಅದರಲ್ಲಿ ಮೂರು ಪದವಿಯ ವರ್ಷಗಳೇ. ಕ್ರಿಕೆಟ್ಟಿನ ಹಣವೂ ಓಟಕ್ಕಿಲ್ಲ, ಎಸೆತಕ್ಕಿಲ್ಲ. ಬಹಳ ಜನರ ಕನಸು ರೈಲ್ವೆ, ಅಂಚೆ, ಪೊಲೀಸು, ಸೇನೆಯ ಒಂದು ನೌಕರಿಯ ತನಕ. ಅದಕ್ಕೆ ಪದಕದ ಜೊತೆ ಮಾರ್ಕ್ಸ್ ಕಾರ್ಡೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಅನುಕೂಲ ಇಲ್ಲದವರಿಗೆ ಎರಡರ ನಡುವೆ ದಾರಿ ಮಾಡಿಕೊಡುವ ಮನುಷ್ಯರು ಬೇಕು.

ದಾರಿ ತಪ್ಪುವುದೂ ಇಲ್ಲಿಯೇ. ಎಂಎಲ್ಎ ಕಡೆಯವರಿಂದ ಫೋನ್ ಮಾಡಿಸಿ ಇಂಟರ್ನಲ್ ಮಾರ್ಕ್ಸ್ ಕೇಳುವವರಿದ್ದಾರೆ. ಕಪ್ ಗೆದ್ದು ಕೊಟ್ಟಿದ್ದೇನೆ, ಪಾಸು ಮಾಡಿ ಎನ್ನುವವರಿದ್ದಾರೆ. ಹಾಗೆ ಸಿಕ್ಕ ಅಂಕದಿಂದ ಆ ಮಗುವಿಗೂ ಒಳಿತಿಲ್ಲ, ಮುಂದಿನ ವರ್ಷ ಬರುವ ಆಟಗಾರರಿಗೂ ಇಲ್ಲ. ಅವರೆಲ್ಲರ ಮೇಲೆ ಅದೇ ಸಂಶಯ ಬೀಳುತ್ತದೆ. ಒಬ್ಬ ಹಿರಿಯ ಪ್ರಾಧ್ಯಾಪಕರು ತಮ್ಮ ಕಬಡ್ಡಿ ಹುಡುಗರಿಗೆ ಹೇಳುವ ಮಾತು ನೆಟ್ಟಗಿದೆ: 'ಮೆಡಲ್ ತೋರಿಸಿ ಮಾರ್ಕ್ಸ್ ಕೇಳಬೇಡಿ, ನೋಟ್ಸ್ ತೋರಿಸಿ ಡೌಟು ಕೇಳಿ.' ಹಾಗೆ ಕೇಳಿದ ಹುಡುಗರಿಗೆ ಅವರು ರಾತ್ರಿ ಎಂಟರವರೆಗೂ ಕೂತು ಹೇಳಿಕೊಟ್ಟದ್ದನ್ನು ಆ ಹುಡುಗರೇ ಹೇಳುತ್ತಾರೆ. ಮೇಷ್ಟ್ರು ಬಿಗಿಯಾಗಿದ್ದದ್ದು ಅವರಿಗೆ ನೋವಾಗಿ ಉಳಿದಿಲ್ಲ, ತಮ್ಮನ್ನು ಉಳಿದ ವಿದ್ಯಾರ್ಥಿಗಳ ಸಮಕ್ಕೆ ನೋಡಿದರು ಎಂಬ ಹೆಮ್ಮೆಯಾಗಿ ಉಳಿದಿದೆ.

ಹಳದಿ ಬೆಳಕಿನ ಶನಿವಾರ

ಮಾತು ಕೊಟ್ಟ ಶನಿವಾರ ಗದಗದ ಹುಡುಗಿ ಲ್ಯಾಬಿಗೆ ಬಂದಳು. ಸ್ಪೆಕ್ಟ್ರೋಮೀಟರಿನ ಪ್ರಯೋಗ. ಕತ್ತಲು ಕೋಣೆಯಲ್ಲಿ ಸೋಡಿಯಂ ದೀಪದ ದಟ್ಟ ಹಳದಿ. ಆ ಬೆಳಕಿನಲ್ಲಿ ಎಲ್ಲರ ಮುಖವೂ ಬಣ್ಣ ಕಳೆದುಕೊಂಡಿರುತ್ತದೆ. ಅವಳ ಬಲಗೈ ತೋರುಬೆರಳಿನ ಬದಿ ಜಾವೆಲಿನ್ ಹಿಡಿಕೆಯ ದಾರ ತಾಗಿ ತಾಗಿ ಗಟ್ಟಿಯಾಗಿದೆ, ಮಣಿಕಟ್ಟಿನಲ್ಲಿ ಕಿತ್ತ ಟೇಪಿನ ಅಂಟು ಇನ್ನೂ ಉಳಿದಿದೆ. ಅದೇ ಬೆರಳು ಈಗ ದೂರದರ್ಶಕದ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದೆ. ಹಳದಿ ಗೆರೆ ಜರುಗುತ್ತ ಬಂದು ಅಡ್ಡ ತಂತಿಯ ಮೇಲೆ ನಿಲ್ಲಬೇಕು. ದಾಟಿತು. ಹಿಂದಕ್ಕೆ ತಂದಳು. ಉಸಿರು ಹಿಡಿದಳು. ನಿಂತಿತು. ಲೆನ್ಸಿಟ್ಟು ವರ್ನಿಯರ್ ಓದಿ, ಜೂನಿಯರ್ ಹುಡುಗನಿಗೆ ಅಳತೆ ಹೇಳಿ ಬರೆಸಿದಳು. ಎಡದ ಕಡೆಯ ಅಳತೆ, ಬಲದ ಕಡೆಯ ಅಳತೆ, ವ್ಯತ್ಯಾಸ, ಅದರ ಅರ್ಧ. ಲೆಕ್ಕ ಹಾಕಿದಾಗ ತರಂಗದ ಉದ್ದ 589 ನ್ಯಾನೊಮೀಟರಿಗೆ ಹತ್ತಿರ ಬಂತು. ಮೇಷ್ಟ್ರು ರೆಕಾರ್ಡಿನ ಮೇಲೆ ಸಹಿ ಹಾಕಿದರು. ಒಂದು ಅಂಕವನ್ನೂ ದಾನವಾಗಿ ಕೊಡಲಿಲ್ಲ, ಕೊಡಬೇಕಾದ ಅಗತ್ಯವೂ ಬೀಳಲಿಲ್ಲ.

ಸಂಬಂಧದ ನಿಜವಾದ ಬೆಲೆ ಗೊತ್ತಾಗುವುದು ಗೆದ್ದ ದಿನಗಳಲ್ಲಲ್ಲ. ಮೊಣಕಾಲಿನ ಲಿಗಮೆಂಟ್ ಹರಿದು ಆರು, ಎಂಟು ತಿಂಗಳು ಮೈದಾನದ ಮುಖ ನೋಡದೆ ಕೂತ ಅಥ್ಲೀಟನ್ನು ನೋಡಿ. ತಂಡ ಹೊಸಬರನ್ನು ಹುಡುಕಿಕೊಂಡಿರುತ್ತದೆ. ಪೇಪರಿನಲ್ಲಿ ಹೆಸರು ಬರುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತದೆ, ಹೋಗುವ ಜಾಗವಿಲ್ಲ. ಆಗ ಕುಂಟುತ್ತ ಬಂದು ಕೂರಬಹುದಾದ ಒಂದೇ ಜಾಗ ಕ್ಲಾಸ್‌ರೂಮು. ಅಲ್ಲಿ ಅವನನ್ನು ಓಟಗಾರನೆಂದಷ್ಟೇ ಅಲ್ಲದೆ ಹೆಸರು ಹಿಡಿದು ಕರೆಯುವ ಮೇಷ್ಟ್ರಿದ್ದರೆ ಬದುಕು ಕುಸಿಯುವುದಿಲ್ಲ. ಎಂ.ಪಿ.ಎಡ್. ಮಾಡು, ಫಿಸಿಯೊಥೆರಪಿ ನೋಡು, ಈ ಅರ್ಜಿ ತುಂಬು ಎಂದು ದಾರಿ ತೋರಿಸಿ, ಶಿಫಾರಸು ಪತ್ರ ಬರೆದುಕೊಟ್ಟ ಮೇಷ್ಟ್ರುಗಳಿಂದಾಗಿ ಇಂದು ಎಷ್ಟೋ ಕಾಲೇಜುಗಳಲ್ಲಿ ಹಳೆಯ ಓಟಗಾರರೇ ಪಿ.ಡಿ. ಸರ್ ಆಗಿದ್ದಾರೆ.

ಇದನ್ನೆಲ್ಲ ಒಬ್ಬಿಬ್ಬರ ಒಳ್ಳೆಯತನಕ್ಕೆ ಬಿಡದೆ ಕಾಲೇಜಿನ ರೂಢಿ ಮಾಡುವುದು ಕಷ್ಟದ ಕೆಲಸವಲ್ಲ. ಸೆಮಿಸ್ಟರಿನ ಮೊದಲ ಸ್ಟಾಫ್ ಮೀಟಿಂಗಿನಲ್ಲಿ ಪಿ.ಡಿ. ಎದ್ದು ನಿಂತು, ಯಾವ ತಿಂಗಳು ಯಾವ ಕೂಟ, ಯಾರು ಹೋಗಬಹುದು ಎಂಬ ಪಟ್ಟಿ ಹಂಚಬಹುದು. ತಪ್ಪಿದ ಇಂಟರ್ನಲ್ಸ್, ಲ್ಯಾಬಿಗೆ ಒಂದು ಖಚಿತ ದಿನ ಇಡಬಹುದು, ಅದಕ್ಕೆ ಉಳಿಯುವ ಅತಿಥಿ ಉಪನ್ಯಾಸಕರಿಗೆ ಸಂಭಾವನೆ ಕೊಡಬಹುದು. ಬೆಳಿಗ್ಗೆ ಪ್ರಾಕ್ಟೀಸ್ ಇರುವವರ ಕಠಿಣ ವಿಷಯಗಳನ್ನು ಮೊದಲ ಪೀರಿಯಡ್ಡಿನಿಂದ ಆಚೆಗೆ ಸರಿಸಬಹುದು. ವರ್ಷಕ್ಕೊಮ್ಮೆ ಸ್ಟಾಫ್‌ರೂಮಿನ ಎಲ್ಲರೂ ಮೈದಾನಕ್ಕೆ ಹೋಗಿ, ಸ್ಪೋರ್ಟ್ಸ್ ಡೇಯ ಕುರ್ಚಿಯಿಂದಲ್ಲದೆ ಬೆಳಿಗ್ಗೆ ಆರು ಗಂಟೆಯ ಅಭ್ಯಾಸದ ಹೊತ್ತಿನಲ್ಲಿ ತಮ್ಮ ವಿದ್ಯಾರ್ಥಿಗಳನ್ನು ನೋಡಿ ಬರಬಹುದು.

ಅಥ್ಲೀಟುಗಳಿಗೆ ಹೇಳಬೇಕಾದದ್ದು ಇನ್ನೂ ಸರಳ. ಮೊದಲ ವಾರವೇ ಹೋಗಿ ಪರಿಚಯ ಮಾಡಿಕೊಳ್ಳಿ. ಊರಲ್ಲಿರುವ ದಿನ ಒಂದು ಕ್ಲಾಸನ್ನೂ ತಪ್ಪಿಸಬೇಡಿ, ಸಾಧ್ಯವಾದರೆ ಎರಡನೇ ಬೆಂಚಿನಲ್ಲಿ ಕೂರಿ. ಹೋಗುವ ಮೊದಲು ಹೇಳಿ, ಬಂದ ಮರುದಿನ ಮುಖ ತೋರಿಸಿ. ಸೋತು ಬಂದಿದ್ದರೂ ತೋರಿಸಿ. ಕೋಚ್ ಹೇಳಿದ್ದನ್ನು ಎದುರು ಮಾತಿಲ್ಲದೆ ನೂರು ಸಲ ಮಾಡುವ ಶಿಸ್ತು ನಿಮ್ಮಲ್ಲಿ ಈಗಾಗಲೇ ಇದೆ. ಅದರಲ್ಲಿ ಹತ್ತನೇ ಒಂದು ಪಾಲನ್ನು ಸ್ಟಾಫ್‌ರೂಮಿನ ಕಡೆ ತಿರುಗಿಸಿದರೆ ಸಾಕು. ಆ ಬಾಗಿಲ ಒಳಗೆ ಕೂತವರಲ್ಲಿ ನಿಮ್ಮ ಗೆಲುವನ್ನು ಬಯಸದವರು ತೀರ ಕಡಿಮೆ. ಅವರಿಗೆ ಬೇಕಾದದ್ದು ನೀವು ಯಾರು, ಏನು ಮಾಡುತ್ತಿದ್ದೀರಿ ಎಂದು ನಿಮ್ಮ ಬಾಯಿಂದಲೇ ಕೇಳುವುದು. ಹೋಗಿ ಹೇಳಿ.